ಮಣ್ಣಗುಡ್ಡದ ಮನೆಗೆ ತಂತಿ ಕಟ್ಟಿದ್ದು

ಅಪ್ಪ ನಮ್ಮ ಮನೆಗೆ ಶನಿವಾರ ಸಂಜೆ ಬರುತ್ತಿದ್ದರು, ಸೋಮವಾರ ಬೆಳಿಗ್ಗೆ ಗಂಜಿ ಉಂಡು ಹೋಗುತ್ತಿದ್ದರು. ಇದನ್ನು ಈಗಿನ ಮಕ್ಕಳ ಮುಂದೆ ಹೇಳಿದರೆ ಅವರು ಬೇರೆ ಏನನ್ನೋ ಊಹಿಸಿಕೊಳ್ಳುತ್ತಾರೆ. ಅಪ್ಪ ಅಮ್ಮನ ನಡುವೆ ಜಗಳವೇನೂ ಇರಲಿಲ್ಲ. ನಮ್ಮದು ಅಳಿಯಸಂತಾನದ ಮನೆ. ಮಣ್ಣಗುಡ್ಡದ ಆ ಮನೆ ಅಜ್ಜಿಯದು, ಅವಳ ನಂತರ ಅಮ್ಮನದು, ಅಮ್ಮನ ನಂತರ ನನ್ನದು. ಯಜಮಾನಿಕೆ ಮಾತ್ರ ಅಮ್ಮನ ಅಣ್ಣನದು, ಅಂದರೆ ನನ್ನ ಮಾವನದು. ಹಾಗೆಯೇ ಅಪ್ಪ ದುಡಿದದ್ದು ಕಂಕನಾಡಿಯಲ್ಲಿದ್ದ ಅವರ ಅಕ್ಕನ ಮನೆಗೆ, ಆ ಅತ್ತೆಯ ಮಕ್ಕಳಿಗೆ ಸೇರಬೇಕಾದದ್ದು. ಮದುವೆಯಾದ ಮೇಲೆ ಅಮ್ಮನೂ ಕಂಕನಾಡಿಯಲ್ಲೇ ಇದ್ದಳಂತೆ. ನನ್ನನ್ನು ಹೆರಲು ತವರಿಗೆ ಬಂದಾಗ ಅಜ್ಜಿ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅವಳನ್ನು ನೋಡಿಕೊಳ್ಳಲು ನಿಂತ ಅಮ್ಮ ಆಮೇಲೆ ಹೋಗಲೇ ಇಲ್ಲ. ಹೋಗು ಎಂದು ಯಾರೂ ಹೇಳಲಿಲ್ಲ, ಹೋಗುವುದಿಲ್ಲ ಎಂದು ಅವಳೂ ಹೇಳಲಿಲ್ಲ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅದು ಮನೆಯ ಪದ್ಧತಿಯೇ ಆಗಿಹೋಗಿತ್ತು.

ಮನೆ ದೊಡ್ಡದೇನೂ ಅಲ್ಲ. ಎದುರಿಗೆ ಜಗಲಿ, ಒಳಗೆ ಚಾವಡಿ, ಚಾವಡಿಯ ಎಡಗಡೆ ಅಜ್ಜಿಯ ಕೋಣೆ, ಹಿಂದೆ ಅಡಿಗೆಮನೆ, ಅದರಾಚೆ ಬಚ್ಚಲು. ಬಚ್ಚಲಿನ ನೀರು ಹರಿದು ಹೋಗುವಲ್ಲಿ ಬಾಳೆ ಮತ್ತು ಕೆಸು. ಬಾವಿಯ ಪಕ್ಕದಲ್ಲಿ ಒಂದೇ ಒಂದು ಎತ್ತರದ ತೆಂಗಿನ ಮರ. ಬೆಳಿಗ್ಗೆ ಹಗಲಾಗುತ್ತಲೇ ಮಾವ ಅಜ್ಜಿಯನ್ನು ಮಗುವಿನಂತೆ ಎತ್ತಿಕೊಂಡು ಬಂದು ಚಾವಡಿಯ ಕ್ಯಾನ್ವಾಸ್ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಅಲ್ಲಿಂದ ಅವಳು ಇಡೀ ಮನೆಯನ್ನು ಕಿವಿಯಿಂದಲೇ ನಡೆಸುತ್ತಿದ್ದಳು. ಬಂಗುಡೆ ಸಾರು ಕುದಿಯುವ ಸದ್ದಿನಿಂದಲೇ ಅದಕ್ಕೆ ಹುಳಿ ಬಿತ್ತೋ ಇಲ್ಲವೋ ಎಂದು ಹೇಳುತ್ತಿದ್ದಳು. ಮಾವ ಬಂದರಿನಲ್ಲಿ ಅಕ್ಕಿಯ ವ್ಯಾಪಾರ ಮಾಡುತ್ತಿದ್ದರು. ಅವರು ಮಿತಭಾಷಿ. ಊಟಕ್ಕೆ ಕೂತಾಗ ಅವರು ಕೈ ತೊಳೆದು ಏಳುವವರೆಗೆ ಯಾರೂ ಏಳುತ್ತಿರಲಿಲ್ಲ. ಶನಿವಾರ ಬರುವ ಅಪ್ಪನಿಗೆ ಮಾವನ ಪಕ್ಕದಲ್ಲಿ ಮಣೆ ಹಾಕಿ, ಎಲ್ಲರಿಗಿಂತ ಮೊದಲು ಬಡಿಸಿ, ಬೇಡವೆಂದರೂ ಎರಡನೆಯ ಸಲ ಬಡಿಸುತ್ತಿದ್ದರು. ನೆಂಟರಿಗೆ ಮಾಡುವ ಉಪಚಾರ ಅದು. ಅಪ್ಪ ಅಷ್ಟನ್ನೂ ತಿನ್ನಲಾರದೆ ತಿನ್ನುತ್ತಿದ್ದರು.

ನಮ್ಮ ಮನೆಯ ಮಾತು ತುಳು. ಇಲ್ಲಿ ನಾನು ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅಜ್ಜಿಗೆ ಕನ್ನಡ ಬರುತ್ತಿರಲಿಲ್ಲ ಎನ್ನುವುದು ಮುಂದಿನ ಕಥೆಗೆ ಬೇಕಾದ ಸಂಗತಿಯಾದ್ದರಿಂದ ಈಗಲೇ ಹೇಳುತ್ತಿದ್ದೇನೆ.

ನಾನು ಕನ್ನಡ ಶಾಲೆಯಲ್ಲಿ ಮೂರನೆಯ ತರಗತಿಯಲ್ಲಿದ್ದೆ. ಒಂದು ಶನಿವಾರ ಅಪ್ಪ ಯಾವಾಗಿನ ಹಾಗೆ ನಡೆದುಕೊಂಡು ಬರದೆ ಜಟಕಾದಲ್ಲಿ ಬಂದರು. ಕಂಬಳಿ ಸುತ್ತಿದ ಒಂದು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಒಂದು ಕೈಯಲ್ಲಿ ಬ್ಯಾಟರಿಯನ್ನು ಒತ್ತಿ ಹಿಡಿದುಕೊಂಡಿದ್ದರು. ಕಾಲ ಬುಡದಲ್ಲಿ ತಾಮ್ರದ ತಂತಿಯ ಸುರುಳಿ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ಅಲ್ಲಿನ ದೊರೆಯೊಬ್ಬರು ತಮ್ಮ ದೇಶಕ್ಕೆ ಮರಳುವಾಗ ತಮ್ಮ ರೇಡಿಯೋವನ್ನು ಅಪ್ಪನಿಗೆ ಕೊಟ್ಟು ಹೋಗಿದ್ದರು. ಅದು ಕಂಕನಾಡಿಯ ಮನೆಗೆ ಬಂದಿದೆ ಎಂಬ ಸುದ್ದಿ ನಮಗೆ ಮೊದಲೇ ತಲುಪಿತ್ತು. ಅದು ಅಲ್ಲಿಯೇ ಇರುವ ವಸ್ತು ಎಂದು ನಾವು ತಿಳಿದುಕೊಂಡಿದ್ದೆವು. ಅಪ್ಪ ಜಗಲಿಯ ಕೆಳಗೆ ನಿಂತು ಮಾವನಿಗೆ ಹೇಳಿದರು:

"ಕಂಕನಾಡಿಯಲ್ಲಿ ಹಿಡಿಯುವುದಿಲ್ಲ ಭಾವ. ಅಲ್ಲಿ ತಗ್ಗು. ಇಲ್ಲಿ ಗುಡ್ಡದ ಮೇಲೆ ಹಿಡಿಯುತ್ತದೋ ನೋಡುವ ಅಂತ ತಂದೆ."

"ನೋಡಿ," ಎಂದರು ಮಾವ. ಪೆಟ್ಟಿಗೆಯನ್ನೊಮ್ಮೆ, ತಂತಿಯನ್ನೊಮ್ಮೆ ನೋಡಿ ಮತ್ತೆ ಹೇಳಿದರು, "ಆದರೆ ಮಾಡಿಗೆ ಕೈ ಹಾಕಲಿಕ್ಕಿಲ್ಲ. ಹಂಚು ಒಮ್ಮೆ ತೆಗೆದರೆ ಮಳೆಗಾಲದಲ್ಲಿ ಎಂತಾಗ್ತದೆ ಅಂತ ಹಂಚಿನ ಕಾರ್ಖಾನೆಯವರಿಗೆ ನಾನು ಹೇಳಬೇಕಾ?"

ಅಪ್ಪ ತಲೆಯಾಡಿಸಿದರು. ಪೆಟ್ಟಿಗೆ ಚಾವಡಿಗೆ ಬಂತು. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನೋಡುತ್ತಿದ್ದಳು. ಕಂಬಳಿ ಬಿಚ್ಚಿದಾಗ ಒಳಗಿದ್ದದ್ದು ನುಣುಪಾದ ಮರದ ಪೆಟ್ಟಿಗೆ, ಅದರ ಹೊಟ್ಟೆಗೆ ಬಟ್ಟೆ ಹೊದಿಸಿತ್ತು. ಅಜ್ಜಿ ಕೈ ಚಾಚಿ ಆ ಬಟ್ಟೆಯನ್ನು ಮುಟ್ಟಿ ನೋಡಿದಳು.

"ಇದು ತುಳು ಮಾತಾಡ್ತದಾ?"

"ಇಲ್ಲ," ಎಂದರು ಅಪ್ಪ. "ಮದರಾಸಿನಿಂದ ತಮಿಳು, ಬೊಂಬಾಯಿಯಿಂದ ಹಿಂದೂಸ್ತಾನಿ. ಮೈಸೂರಿನಿಂದ ಕನ್ನಡ ಬರ್ತದಂತೆ. ಅದು ಸಿಕ್ಕಿದರೆ ನಮ್ಮ ಪುಣ್ಯ."

"ತುಳು ಬರದಿದ್ದರೆ ಇದಕ್ಕೆ ಇಲ್ಲಿ ಎಂತ ಕೆಲಸ?" ಎಂದಳು ಅಜ್ಜಿ. ಆದರೆ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆಯಲು ನನಗೆ ಸನ್ನೆ ಮಾಡಿದಳು.

ಮಾಡಿಗೆ ಕೈ ಹಾಕುವ ಹಾಗಿಲ್ಲವಾದ್ದರಿಂದ ಅಪ್ಪ ಮೊದಲು ತಂತಿಯನ್ನು ಚಾವಡಿಯ ಒಳಗೇ ಜಂತಿಯಿಂದ ಜಂತಿಗೆ ಕಟ್ಟಿದರು. ಬ್ಯಾಟರಿ ಸಿಕ್ಕಿಸಿ ತಿರುಗುಬಿಲ್ಲೆಯನ್ನು ತಿರುಗಿಸಿದಾಗ ಪೆಟ್ಟಿಗೆಯೊಳಗೆ ಸಣ್ಣ ಕೆಂಪು ಬೆಳಕು ಹತ್ತಿಕೊಂಡಿತು, ಆಮೇಲೆ ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದಂಥ ಸದ್ದು. ನಾವು ಬಹಳ ಹೊತ್ತು ಆ ಸದ್ದನ್ನೇ ಕೇಳುತ್ತ ಕೂತೆವು. ನನಗೆ ಬೇಸರವಾಗಲಿಲ್ಲ. ಮಾತಿಲ್ಲದ ಸದ್ದು ಬರುತ್ತಿದೆಯೆಂದರೆ ಅದೂ ಎಲ್ಲಿಂದಲೋ ಬರುತ್ತಿರಬೇಕಲ್ಲ, ಅದು ಯಾವ ಊರಿನದು ಎಂದು ಅಪ್ಪನನ್ನು ಕೇಳಿದೆ. ಅಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಅವರು ಹೇಳಿದ್ದು ನನಗೆ ಹೊಸದು. ನಮ್ಮ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ದೊಡ್ಡವರು ಹಾಗೆ ಹೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ತಂತಿ ಹೊರಗೆ ಬಂತು. ಚಾವಡಿಯ ಕಿಟಕಿಯಿಂದ ಅಂಗಳದ ಪೇರಳೆ ಗಿಡಕ್ಕೆ ಅದನ್ನು ಎಳೆದು ಕಟ್ಟಿ, ಎರಡು ತುದಿಗೂ ಬಿಳಿ ಪಿಂಗಾಣಿಯ ಮಣಿಗಳನ್ನು ಸಿಕ್ಕಿಸಿದರು. ತಂತಿ ಮರವನ್ನು ನೇರ ಮುಟ್ಟಬಾರದು, ಮುಟ್ಟಿದರೆ ಹಿಡಿದದ್ದೆಲ್ಲ ಮರಕ್ಕೆ ಇಳಿದುಹೋಗುತ್ತದೆ ಎಂದರು. ಕೆಲಸ ಹಂಚಿಕೆಯಾಯಿತು. ಅಪ್ಪ ಹೊರಗೆ ತಂತಿಯನ್ನು ಎತ್ತಿ, ಇಳಿಸಿ, ಜರುಗಿಸುವುದು. ನಾನು ಪೆಟ್ಟಿಗೆಗೆ ಕಿವಿ ಹಚ್ಚಿ ಕೂತು "ಉಂಟು" ಅಥವಾ "ಇಲ್ಲ" ಎಂದು ಕಿಟಕಿಯಿಂದ ಕೂಗುವುದು. ಮನೆಯಲ್ಲಿ ದೊಡ್ಡವರೊಬ್ಬರು ನನ್ನ ಮಾತನ್ನು ಕೇಳಿ ಅದರಂತೆ ನಡೆದದ್ದು ಅದೇ ಮೊದಲು. ನಾನು ಸುಳ್ಳು ಹೇಳಿದರೆ ಅಪ್ಪ ತಪ್ಪು ಕಡೆಗೆ ಹೋಗುತ್ತಾರೆ ಎನ್ನುವ ಭಯಕ್ಕೆ ನಾನು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ನಡುವೆ ಒಮ್ಮೆ ಸೂರಿನ ನೀರು ಹರಿಯುವ ತಗಡಿನ ದೋಣಿಯ ಹತ್ತಿರ ತಂತಿ ಹೋದಾಗ ಸದ್ದು ಕುಗ್ಗಿತು, ದೂರ ಸರಿದಾಗ ಎದ್ದಿತು. ರಸ್ತೆಯಲ್ಲಿ ಮೋಟಾರು ಹೋದರೆ ಪೆಟ್ಟಿಗೆಯೊಳಗೆ ಟಕಟಕ ಅನ್ನುತ್ತಿತ್ತು. ತಂತಿಯ ಮೇಲೆ ಕಾಗೆ ಕೂತರೆ ಏನೂ ಆಗುತ್ತಿರಲಿಲ್ಲ. ಆದರೆ ನಾನು ಶಾಲೆಯಿಂದ ಬಂದ ಒಂದು ಸಂಜೆ ಸದ್ದೇ ಇಲ್ಲ. ಹೊರಗೆ ಓಡಿ ನೋಡಿದರೆ ಅಮ್ಮ ಅದರ ಮೇಲೆ ಅಜ್ಜಿಯ ಒದ್ದೆ ಸೀರೆಯನ್ನು ಒಣಹಾಕಿದ್ದಳು.

"ತಂತಿ ಅಂದ್ರೆ ತಂತಿಯೇ ಅಲ್ವಾ," ಎಂದಳು ಅಮ್ಮ. "ನನಗೆ ಯಾರು ಹೇಳಿದ್ದಾರೆ?"

ಅಜ್ಜಿಗೆ ಬೇರೆಯೇ ಚಿಂತೆ ಹತ್ತಿಕೊಂಡಿತ್ತು. ಮದರಾಸಿನವರು ಆಡಿದ್ದು ಈ ತಂತಿಯಲ್ಲಿ ಇಲ್ಲಿಗೆ ಬರುವುದಾದರೆ ನಾವು ಆಡಿದ್ದು ಇದೇ ತಂತಿಯಲ್ಲಿ ಅಲ್ಲಿಗೆ ಹೋಗುವುದಿಲ್ಲವೇ? ಹೋಗುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಮೀನಿನವಳನ್ನು ಬಯ್ಯಬೇಕಾದಾಗ ಪೆಟ್ಟಿಗೆಗೆ ಕಂಬಳಿ ಮುಚ್ಚಲು ಹೇಳುತ್ತಿದ್ದಳು. ಅವಳ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ಒಂದು ಕಡೆಯಿಂದ ಮಾತ್ರ ನಡೆಯುವ ದಾರಿಯನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗ ಮಕ್ಕಳ ಎದುರು ಮೊದಲು ಇಡುತ್ತಿದ್ದುದು ಅಜ್ಜಿಯ ಆ ಪ್ರಶ್ನೆಯನ್ನೇ.

ಎರಡನೆಯ ವಾರ ಅಪ್ಪ ಇಂಗ್ಲಿಷಿನ ಪುಸ್ತಕವೊಂದನ್ನು ತಂದರು. ಆಕಾಶಕ್ಕೆ ಒಂದು ತಂತಿ ಇದ್ದರೆ ಸಾಲದು, ಭೂಮಿಗೂ ಒಂದು ಬೇಕು ಎಂದು ಅದರಲ್ಲಿತ್ತು. ತಾಮ್ರದ ತುಂಡೊಂದನ್ನು ಸದಾ ತೇವವಿರುವ ಮಣ್ಣಿನಲ್ಲಿ ಹೂತು ಅದರಿಂದ ಪೆಟ್ಟಿಗೆಗೆ ತಂತಿ ಎಳೆಯಬೇಕು. ಅಪ್ಪ ಬಾವಿಯ ಬಳಿ ಅಗೆಯಲು ಹೊರಟಾಗ ಅಮ್ಮ ಅಡಿಗೆಮನೆಯಿಂದಲೇ ಹೇಳಿದಳು:

"ಬಾವಿಕಟ್ಟೆ ಹತ್ತಿರ ಬರೇ ಮುರಕಲ್ಲು, ತೇವ ನಿಲ್ಲುವುದಿಲ್ಲ. ಬಚ್ಚಲಿನ ಹಿಂದೆ ಕೆಸುವಿನ ಬುಡ ಉಂಟಲ್ಲ, ಅದು ಬೇಸಗೆಯಲ್ಲೂ ಒಣಗುವುದಿಲ್ಲ."

ತಾಮ್ರಕ್ಕೆ ಅಜ್ಜಿ ತನ್ನ ತೂತು ಬಿದ್ದ ತಂಬಿಗೆಯನ್ನು ಕೊಟ್ಟಳು. ಅದನ್ನು ಕೆಸುವಿನ ಬುಡದಲ್ಲಿ ಹೂತು, ತಂತಿ ಸೇರಿಸಿ, ಒಳಗೆ ಬಂದು ಬಿಲ್ಲೆ ತಿರುಗಿಸಿದರು. ಮುಸ್ಸಂಜೆಯ ಹೊತ್ತು. ಸದ್ದಿನ ಒಳಗಿನಿಂದ ಹೆಂಗಸೊಬ್ಬಳ ದನಿ ಎದ್ದುಬಂತು, ಹಾಡು, ತಮಿಳು. ಒಂದು ಗಳಿಗೆ ನಿಂತು ಮತ್ತೆ ಮುಳುಗಿತು. ಅಮ್ಮ ಕೈಯಲ್ಲಿ ಸೌಟು ಹಿಡಿದವಳು ಹಾಗೆಯೇ ಚಾವಡಿಯ ನಡುವೆ ನಿಂತಿದ್ದಳು. ಅಪ್ಪ ಅವಳನ್ನು ನೋಡಿ ನಕ್ಕರು. ಅವರಿಬ್ಬರು ನಮ್ಮೆಲ್ಲರ ಮುಂದೆ ಒಬ್ಬರನ್ನೊಬ್ಬರು ನೋಡಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡ ನೆನಪಿಲ್ಲ.

ಅದರ ಮರುದಿನವೇ ಕಂಕನಾಡಿಯ ಅತ್ತೆ ಬಂದರು. ಎತ್ತರದ, ಗಟ್ಟಿ ಹೆಂಗಸು. ಗಂಡ ತೀರಿಹೋದ ಮೇಲೆ ಇಬ್ಬರು ಮಕ್ಕಳನ್ನು ಅಪ್ಪನ ಆಸರೆಯಲ್ಲೇ ಬೆಳೆಸುತ್ತಿದ್ದವರು. ಅಮ್ಮ ನೀರು ಬೆಲ್ಲ ತಂದಿಟ್ಟಳು. ಅತ್ತೆ ಕುಡಿದರು, ಅಜ್ಜಿಯ ಸೊಂಟದ ಬಗ್ಗೆ ವಿಚಾರಿಸಿದರು, ಆಮೇಲೆ ಪೆಟ್ಟಿಗೆಯ ಕಡೆಗೆ ತಿರುಗಿದರು.

"ನನ್ನ ಮಕ್ಕಳು ಕೇಳ್ತಾರೆ, ಮಾವನ ಪೆಟ್ಟಿಗೆ ಎಲ್ಲಿ ಅಂತ. ನಾನು ಎಂತ ಹೇಳಬೇಕು?"

"ಅಲ್ಲಿ ಹಿಡಿಯುವುದಿಲ್ಲ ಅಕ್ಕ," ಎಂದರು ಅಪ್ಪ.

"ಹಿಡಿಯುವುದಿಲ್ಲ ಅಂತ ಇಲ್ಲ. ಮಳೆ ಹುಯ್ದ ಹಾಗೆ ಇತ್ತು, ಆದರೆ ಒಳಗೆ ಮಾತಿತ್ತು. ಇಲ್ಲಿ ಇದಕ್ಕಿಂತ ಒಳ್ಳೆಯದು ಕೇಳ್ತದಾ? ಹಾಕು, ನೋಡುವ."

ಹಾಡೂ ಬರಲಿಲ್ಲ, ಮಾತೂ ಬರಲಿಲ್ಲ. ನಡುಹಗಲಿನಲ್ಲಿ ದೂರದ ಊರು ಸಿಕ್ಕುವುದಿಲ್ಲ, ಪೆಟ್ಟಿಗೆ ಬರೇ ಗೊರಗುಟ್ಟಿತು. ಅಪ್ಪ ಬಿಲ್ಲೆಯನ್ನು ಆಚೀಚೆ ತಿರುಗಿಸುತ್ತಲೇ ಇದ್ದರು. ಅವರ ಕುತ್ತಿಗೆ ಬೆವರಿತ್ತು. ಅತ್ತೆ ಜೋರು ಮಾಡಲಿಲ್ಲ. ಅವರು ಕೇಳಿದ್ದು ನ್ಯಾಯವೇ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಾನೂನಿನಲ್ಲೂ ರೂಢಿಯಲ್ಲೂ ಆ ಪೆಟ್ಟಿಗೆ ಅವರ ಮಕ್ಕಳದು. ಕೊನೆಗೆ ಮಾವ ಬಾಯಿಬಿಟ್ಟರು.

"ಎಲ್ಲಿ ಸರಿಯಾಗಿ ಕೇಳ್ತದೋ ಅಲ್ಲಿ ಇರಲಿ. ಕೇಳದೆ ಇರುವ ಪೆಟ್ಟಿಗೆ ಯಾರ ಮನೆಯಲ್ಲಿದ್ದರೆ ಎಂತ? ಬರುವ ಆದಿತ್ಯವಾರ ಮಕ್ಕಳನ್ನೂ ಕರೆದುಕೊಂಡು ಸಂಜೆಗೆ ಬನ್ನಿ. ನೀವೇ ಕೇಳಿ ಹೇಳಿ. ನಿಮ್ಮ ಮಾತೇ ಆಗಲಿ."

ಅತ್ತೆ ಒಪ್ಪಿದರು. ಅವರು ಹೋದ ಮೇಲೆ ಅಮ್ಮ ಅಡಿಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೊಮ್ಮೆ ತೊಳೆದಳು. ಪೆಟ್ಟಿಗೆ ಹೋದರೆ ಅವಳಿಗೇನು ನಷ್ಟ ಎಂದು ನನಗೆ ಅರ್ಥವಾಗಲಿಲ್ಲ. ಆ ಎರಡು ವಾರ ಅಪ್ಪ ನೆಂಟರಂತೆ ಜಗಲಿಯ ಬೆಂಚಿನ ಮೇಲೆ ಕೂತಿರದೆ ಮನೆಯ ಹಿಂದೆ, ಬಚ್ಚಲಿನ ಬಳಿ, ಬಾವಿಯ ಬಳಿ, ಅಡಿಗೆಮನೆಯ ಹೊಸ್ತಿಲಲ್ಲಿ ಓಡಾಡಿದ್ದರು. ಅಮ್ಮನೊಡನೆ ಕೆಸು, ತಂಬಿಗೆ, ಹಗ್ಗ ಎಂದು ಮಾತಾಡಿದ್ದರು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸೋಮವಾರ ಹೊರಡುವ ಮೊದಲು ಅಪ್ಪ ನನ್ನನ್ನು ಅಂಗಳಕ್ಕೆ ಕರೆದು ತೋರಿಸಿದರು. ತಂತಿ ಎತ್ತರಕ್ಕೆ ಹೋಗಬೇಕು, ಉದ್ದವಾಗಬೇಕು. ಒಂದು ತುದಿಗೆ ತೆಂಗಿನ ಮರ ಇದೆ. ಇನ್ನೊಂದು ತುದಿಗೆ ಮಾಡಿನ ನೆತ್ತಿಯಲ್ಲಿ ಒಂದು ಗಳ ನಿಲ್ಲಿಸಿದರೆ ತಂತಿ ಉತ್ತರ ದಕ್ಷಿಣವಾಗಿ ನಿಲ್ಲುತ್ತದೆ, ಪೂರ್ವದಿಂದ ಬರುವ ಮೈಸೂರಿನ ಮಾತು ಅದಕ್ಕೆ ಅಡ್ಡ ಸಿಕ್ಕುತ್ತದೆ. "ಆದರೆ ಗಳ ನಿಲ್ಲಿಸಲಿಕ್ಕೆ ಒಂದಷ್ಟು ಹಂಚು ತೆಗೆಯಬೇಕು," ಎಂದರು. ಮಾವನನ್ನು ಕೇಳುವುದಿಲ್ಲವೇ ಎಂದೆ. "ಒಮ್ಮೆ ಬೇಡ ಅಂದಿದ್ದಾರೆ. ಎರಡನೆಯ ಸಲ ಕೇಳಲಿಕ್ಕೆ ಇದು ನನ್ನ ಮನೆಯಲ್ಲ, ಮಗಾ," ಎಂದು ಹೇಳಿ ಹೊರಟುಹೋದರು.

ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಮಾವ ಬುಧವಾರ ತಮ್ಮ ಹೆಂಡತಿಯ ಮನೆಗೆ, ಉಳ್ಳಾಲದ ಕಡೆ, ಹೋಗಿ ಗುರುವಾರ ಬರುತ್ತಿದ್ದರು. ಅವರ ಮೂವರು ಮಕ್ಕಳು ಅಲ್ಲಿದ್ದರು. ಅದು ನನಗೆ ಗೊತ್ತಿದ್ದ ಸಂಗತಿಯೇ, ಆದರೆ ಗುರುವಾರ ಬೆಳಿಗ್ಗೆ ಅವರು ಬಂದು ಜಗಲಿಯಲ್ಲಿ ವೀಳ್ಯ ಹಾಕಲು ಕೂತಾಗ ನನಗೆ ಥಟ್ಟನೆ ಒಂದು ವಿಷಯ ತಿಳಿದುಕೊಳ್ಳಬೇಕೆನಿಸಿತು. ಅವರನ್ನು ಮೆತ್ತಗಾಗಿಸುವ ಉದ್ದೇಶ ನನಗಿರಲಿಲ್ಲ. ಅಷ್ಟು ಜಾಣತನ ಆಗ ಇರಲಿಲ್ಲ. ನಿಜವಾಗಿ ತಿಳಿಯಬೇಕಿತ್ತು.

"ಮಾವ, ಉಳ್ಳಾಲದ ಅತ್ತೆಯ ಮನೆಗೆ ಹೋದಾಗ ನೀವು ಎಲ್ಲಿ ಕೂತುಕೊಳ್ಳುವುದು?"

"ಎಲ್ಲಿ ಅಂದ್ರೆ? ಜಗಲಿಯಲ್ಲಿ."

"ನಮ್ಮ ಅಪ್ಪನ ಹಾಗೆಯಾ?"

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ನಿಲ್ಲಿಸಿದರು.

"ಹೌದು."

"ಅಲ್ಲಿ ನೀವು ಮಾಡಿನ ಮೇಲೆ ಎಂತಾದ್ರೂ ಕಟ್ಟಬಹುದಾ?"

ಅವರು ಸುಣ್ಣದ ಡಬ್ಬಿ ಮುಚ್ಚಿಟ್ಟರು. ಗದರಿಸುತ್ತಾರೆ ಎಂದುಕೊಂಡೆ. ಆಮೇಲೆ ಅಂಗಳ ನೋಡುತ್ತ, ನನಗೆ ಹೇಳುವಂತೆಯೂ ಅಲ್ಲದೆ, ಹೇಳಿದರು:

"ದೊಡ್ಡವನಿಗೆ ಮೂರು ವರ್ಷ ಇರುವಾಗ ಚಾವಡಿಯ ತೊಲೆಗೆ ಒಂದು ಉಯ್ಯಾಲೆ ಕಟ್ಟಿಕೊಟ್ಟಿದ್ದೆ. ಮುಂದಿನ ವಾರ ಹೋಗುವಾಗ ಇರಲಿಲ್ಲ. ತೊಲೆ ಸವೆಯುತ್ತದೆ ಅಂತ ಮಕ್ಕಳ ಮಾವ ಬಿಚ್ಚಿಸಿದ್ದರು. ಅವರು ಹೇಳಿದ್ದು ಸರಿಯೇ. ಅದು ಅವರ ತೊಲೆ."

ಎಲೆಯನ್ನು ಮಡಚಿ ಬಾಯಿಗೆ ಹಾಕಿಕೊಂಡು ಎದ್ದುಹೋದರು. ನಾನೂ ಶಾಲೆಗೆ ಹೋದೆ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಬಾರದೆಂದೇನಲ್ಲ, ಹೇಗೆ ಹೇಳುವುದೆಂದು ಗೊತ್ತಾಗಲಿಲ್ಲ.

ಶನಿವಾರ ಅಪ್ಪ ಬಂದಾಗ ಜಗಲಿಗೆ ಒರಗಿಸಿ ಒಂದು ಉದ್ದನೆಯ ಬಿದಿರಿನ ಗಳ ನಿಂತಿತ್ತು. ಹಂಚು ಹೊದಿಸುವವನೊಬ್ಬ ಅಂಗಳದಲ್ಲಿ ಕೂತು ಬೀಡಿ ಸೇದುತ್ತಿದ್ದ. ಮಾವ ಬಂದರಿಗೆ ಹೋಗಿರಲಿಲ್ಲ.

"ಗಳ ಎಲ್ಲಿ ನಿಲ್ಲಬೇಕು ಭಾವ, ಹೇಳಿ," ಎಂದರು ಅಪ್ಪನಿಗೆ. "ಬಿಸಿಲಿರುವಾಗಲೇ ಆಗಲಿ."

ಅಪ್ಪ ಗಳವನ್ನೊಮ್ಮೆ, ಮಾಡನ್ನೊಮ್ಮೆ ನೋಡಿದರು. ಚಪ್ಪಲಿ ಕಳಚಿ, ಮುಂಡು ಎತ್ತಿ ಕಟ್ಟಿ ಏಣಿ ಹತ್ತಿದರು. ಮಾವ ಮನೆಯೊಳಗಿನಿಂದ ಅಟ್ಟ ಹತ್ತಿ ನಿಂತರು. ನಾನೂ ಹಿಂದೆಯೇ ಹತ್ತಿದೆ. ಮೇಲಿನಿಂದ ಹಂಚು ಹೊದಿಸುವವನು ಹಂಚುಗಳನ್ನು ಒಂದೊಂದಾಗಿ ಜಾರಿಸಿ ಕೊಡುತ್ತಿದ್ದ, ಮಾವ ಎರಡೂ ಕೈಯಲ್ಲಿ ತೆಗೆದುಕೊಂಡು, ಧೂಳು ಒರೆಸಿ, ತೆಗೆದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದರು. ಕತ್ತಲೆ ಅಟ್ಟದೊಳಗೆ ಒಮ್ಮೆಲೇ ಆಕಾಶದ ತುಂಡೊಂದು ಕಾಣಿಸಿತು, ಅದರಲ್ಲಿ ಅಪ್ಪನ ಮುಖ. ಒಳಗಿನಿಂದ ಮಾವ ಗಳವನ್ನು ಮೇಲಕ್ಕೆ ತಳ್ಳಿದರು, ಹೊರಗಿನಿಂದ ಅಪ್ಪ ಎಳೆದುಕೊಂಡರು. ಬುಡವನ್ನು ತೊಲೆಗೆ ಸೇರಿಸಿ ಹಗ್ಗ ಬಿಗಿದದ್ದು ಮಾವನೇ. ಕಟ್ಟಿ ಮುಗಿಸಿ ಗಳವನ್ನು ಅಲುಗಾಡಿಸಿ ನೋಡಿ, "ಸಾಕಾ?" ಎಂದು ಕೇಳಿದರು. ಮೇಲಿನಿಂದ "ಸಾಕು ಭಾವ," ಎಂದು ಅಪ್ಪನ ದನಿ ಬಂತು. ಹಂಚುಗಳು ಅದೇ ಕ್ರಮದಲ್ಲಿ ಮರಳಿದವು. ಕಾಯಿ ಕೀಳುವವನನ್ನು ಕರೆಸಿ ತಂತಿಯ ಇನ್ನೊಂದು ತುದಿಯನ್ನು ತೆಂಗಿನ ಮರದ ನೆತ್ತಿಗೆ ಕಳಿಸಲಾಯಿತು. ಅಜ್ಜಿ ತನ್ನನ್ನೂ ಅಂಗಳಕ್ಕೆ ಎತ್ತಿಕೊಂಡು ಹೋಗಲು ಹಟ ಹಿಡಿದಳು. ಅಲ್ಲಿ ಕುರ್ಚಿಯಲ್ಲಿ ಕೂತು, ಹಣೆಗೆ ಕೈ ಅಡ್ಡ ಹಿಡಿದು, ತಂತಿ ಹೋದ ಉದ್ದಕ್ಕೂ ಕಣ್ಣಾಡಿಸಿದಳು. ಅವಳು ಎಷ್ಟೋ ಕಾಲದಿಂದ ತೆಂಗಿನ ಮರದ ತುದಿ ನೋಡಿರಲಿಲ್ಲ.

ಆದಿತ್ಯವಾರ ಸಂಜೆ ಅತ್ತೆ ಮಕ್ಕಳೊಡನೆ ಬಂದರು. ಅಮ್ಮ ಕೋಳಿ ಸಾರು ಮಾಡಿ ರೊಟ್ಟಿ ಇಟ್ಟಿದ್ದಳು, ಆದರೆ ಪರೀಕ್ಷೆ ಮೊದಲು ಎಂದರು ಅತ್ತೆ. ಚಾವಡಿಯಲ್ಲಿ ಎಲ್ಲರೂ ಕೂತೆವು. ಹಿಂದಿನ ದಿನ ಅಪ್ಪ ಮದರಾಸನ್ನು ಸುಲಭವಾಗಿ ಹಿಡಿದಿದ್ದರು. ಅದರ ಗುರುತನ್ನೂ ನನಗೆ ತೋರಿಸಿದ್ದರು. ಆದರೆ ಅವರು ಈಗ ಮದರಾಸಿನ ಹತ್ತಿರ ಹೋಗದೆ ಬೇರೆ ಕಡೆಗೆ ಮುಳ್ಳು ತಿರುಗಿಸಿದರು. ಗೊರಗೊರ, ಸಿಳ್ಳು, ಮತ್ತೆ ಗೊರಗೊರ. ಅಪ್ಪ ನನ್ನ ಕಡೆ ನೋಡಿದರು. ನಾನು ಪೆಟ್ಟಿಗೆಗೆ ಕಿವಿ ಹಚ್ಚಿದೆ. ಬಹಳ ಕೆಳಗೆ, ಬಾವಿಯ ತಳದಲ್ಲಿ ಯಾರೋ ಮಾತಾಡಿದ ಹಾಗೆ.

"ಉಂಟು," ಎಂದೆ.

ಅವರು ಬಿಲ್ಲೆಯನ್ನು ಕೂದಲೆಳೆಯಷ್ಟು ಸರಿಸಿದರು. ದನಿ ಮೇಲೆ ಬಂತು. ಗಂಡಸೊಬ್ಬರು ಕನ್ನಡದಲ್ಲಿ, ನಮ್ಮ ಶಾಲೆಯ ಪುಸ್ತಕದಲ್ಲಿರುವಂಥ ಕನ್ನಡದಲ್ಲಿ, ತರಕಾರಿ ಬೆಳೆಗೆ ಬೀಳುವ ಹುಳುಗಳ ವಿಷಯ ಹೇಳುತ್ತಿದ್ದರು. ಬದನೆಗೆ ಬೂದಿ ಎರಚಬೇಕಂತೆ. ಒಂದು ಶಬ್ದವೂ ತಪ್ಪದೆ ಕೇಳುತ್ತಿತ್ತು. ನಾನು ಪುಸ್ತಕದಲ್ಲಿ ಮಾತ್ರ ಕಂಡಿದ್ದ ಭಾಷೆಯನ್ನು ಯಾರೋ ಮನೆಯಲ್ಲಿ ಆಡುವ ಹಾಗೆ ಆಡುತ್ತಿದ್ದರು. ಘಟ್ಟದ ಆಚೆ ಅಂಥ ಜನ ನಿಜವಾಗಿ ಇದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ಅಜ್ಜಿ ನನ್ನ ತೋಳು ತಟ್ಟಿ, ಎಂತ ಹೇಳುತ್ತಾನೆ ಎಂದಳು. ನಾನು ತುಳುವಿನಲ್ಲಿ ಹೇಳಿದೆ. "ಬೂದಿ ನಾವೂ ಹಾಕ್ತೇವಲ್ಲ," ಎಂದಳು ಅವಳು, "ಇದನ್ನು ಹೇಳಲಿಕ್ಕೆ ಮೈಸೂರಾ?"

ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ಮಾತು ಮುಗಿದು ವೀಣೆ ಶುರುವಾಯಿತು, ಅದನ್ನೂ ಕೇಳಿದರು. ಕಣ್ಣು ತೆರೆದು ಮಾವನ ಕಡೆ ತಿರುಗಿ ಹೇಳಿದರು:

"ಸ್ಪಷ್ಟ ಉಂಟು. ಇಲ್ಲೇ ಇರಲಿ. ನನ್ನ ಮಕ್ಕಳು ಆದಿತ್ಯವಾರ ಬಂದು ಕೇಳ್ತಾರೆ."

ಗಂಡಸರು ಊಟಕ್ಕೆ ಕೂತಾಗ ಅತ್ತೆ ಅಡಿಗೆಮನೆಗೆ ಬಂದು ಅಮ್ಮನ ಪಕ್ಕದಲ್ಲಿ ರೊಟ್ಟಿಯ ಬುಟ್ಟಿ ಹತ್ತಿರ ಕುಕ್ಕರಗಾಲಲ್ಲಿ ಕೂತರು. ನಾನು ಅಲ್ಲೇ ತೆಂಗಿನಕಾಯಿ ತುರಿಯುತ್ತಿದ್ದೆ.

"ಸೀತು," ಎಂದು ಅಮ್ಮನನ್ನು ಕರೆದರು ಅತ್ತೆ, "ನಮ್ಮಲ್ಲಿ ಇವನು ತಂತಿ ಎಲ್ಲಿಗೆ ಕಟ್ಟಿದ್ದು ಗೊತ್ತುಂಟಾ? ದನದ ಹಟ್ಟಿಯ ಮಾಡಿಗೆ. ನನ್ನ ಎದೆಯೆತ್ತರ ಬರುವುದಿಲ್ಲ ಅದು. ತೆಂಗಿನ ಮರ ಮೂರು ಉಂಟು ನಮ್ಮ ಹಿತ್ತಲಲ್ಲಿ. ಒಂದು ಸಂಜೆ ಕಟ್ಟಿದ, ಒಂದು ಸಂಜೆ ತಿರುಗಿಸಿದ, ಹಿಡಿಯುವುದಿಲ್ಲ ಅಂತ ಬಿಚ್ಚಿದ."

ಅಮ್ಮ ರೊಟ್ಟಿಗಳನ್ನು ಬುಟ್ಟಿಯಲ್ಲಿ ಜೋಡಿಸುತ್ತಲೇ ಇದ್ದಳು.

"ನನಗೆ ಆಗಲೇ ಗೊತ್ತಾಗಿತ್ತು. ಸಿಟ್ಟು ಬಂದದ್ದು ನಿಜ. ಇವತ್ತು ಇಲ್ಲಿ ಆ ಗಳ ನೋಡಿದೆ, ಮರದ ತುದಿ ನೋಡಿದೆ." ಅತ್ತೆ ಒಂದು ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡರು. "ಬಾಯಿಬಿಟ್ಟು ಹೇಳಿದ್ದರೆ ನಾನು ಬೇಡ ಅಂತಿದ್ದೆನಾ? ಹೇಳುವ ಜನ ಅಲ್ಲ ಅವನು. ಸಣ್ಣದರಿಂದಲೂ ಹಾಗೆಯೇ ಮಾರಾಯ್ತಿ."

ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಹೊಗೆ," ಎಂದಳು. ಒಲೆಯಲ್ಲಿ ಬರೇ ಕೆಂಡವಿತ್ತು. ನಾನು ತುರಿಯುವುದನ್ನು ನಿಲ್ಲಿಸಿದ್ದು ಇಬ್ಬರಿಗೂ ಕಂಡಿತು. ಕಾರಣ ಎಂದು ಜನ ಹೇಳುವುದು ಒಂದು, ಕಾರಣ ಎಂದು ಇರುವುದು ಇನ್ನೊಂದು ಎಂದು ನನಗೆ ಮೊದಲ ಬಾರಿ ಅನ್ನಿಸಿದ್ದು ಅಲ್ಲಿ. ಅಪ್ಪ ಸುಳ್ಳು ಹೇಳಿದ್ದರು. ನನಗೆ ಅದರಿಂದ ಬೇಸರವಾಗಲಿಲ್ಲ, ಅದೇ ಆಶ್ಚರ್ಯ.

ಆಮೇಲೆ ಬ್ಯಾಟರಿಯ ಕಾಟ ಶುರುವಾಯಿತು. ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲ. ವಾರದ ನಡುವೆ ದನಿ ಕುಗ್ಗಿ ಪೆಟ್ಟಿಗೆ ಮೂಕವಾಗುತ್ತಿತ್ತು. ಬ್ಯಾಟರಿಯನ್ನು ಬಸ್ಸುಗಳ ಶೆಡ್ಡಿಗೆ ಕೊಂಡೊಯ್ದು ತುಂಬಿಸಿ ತರಬೇಕು. ಒಳಗಿನ ಆಸಿಡ್ಡು ಚೆಲ್ಲಿದರೆ ಅಪಾಯವಾದ್ದರಿಂದ ಅದು ಅಪ್ಪನೇ ಮಾಡಬೇಕಾದ ಕೆಲಸ. ಹಾಗಾಗಿ ಅವರು ಬುಧವಾರವೂ ಬರತೊಡಗಿದರು. ಬುಧವಾರ ಮಾವ ಇರುತ್ತಿರಲಿಲ್ಲ, ಆದ್ದರಿಂದ ಉಪಚಾರವೂ ಇರುತ್ತಿರಲಿಲ್ಲ. ಅಪ್ಪ ಅಡಿಗೆಮನೆಯಲ್ಲೇ ಕೂತು ಗಂಜಿಗೆ ಚಟ್ನಿ ಹಚ್ಚಿಕೊಂಡು ಉಣ್ಣುತ್ತಿದ್ದರು, ಸಾಕಾದಾಗ ಸಾಕು ಎಂದು ಏಳುತ್ತಿದ್ದರು.

ಬೇಸಗೆ ಕೊನೆಯಾಗುತ್ತ ಬಂದಂತೆ ಪೆಟ್ಟಿಗೆ ಹಾಡಿನ ನಡುವೆ ಚಟಚಟ ಸಿಡಿಯತೊಡಗಿತು. ನೋಡುತ್ತ ನೋಡುತ್ತ ನನಗೆ ಒಂದು ಗೊತ್ತಾಯಿತು: ಅದು ಸಿಡಿದ ದಿನ ಸಂಜೆಗೆ ಗುಡುಗು ಬರುತ್ತದೆ. ನಮ್ಮ ಕಣ್ಣಿಗೆ ಮೋಡ ಕಾಣುವ ಮೊದಲೇ ತಂತಿಗೆ ಮಿಂಚು ಗೊತ್ತಾಗುತ್ತಿತ್ತು. ಅಪ್ಪನಿಗೆ ಹೇಳಿದಾಗ ಅವರು ಪುಸ್ತಕ ತೆಗೆದು ನೋಡಿ, ನೀನು ಹೇಳಿದ್ದು ಸರಿ ಎಂದರು. ಎತ್ತರದ ತಂತಿ ಮಳೆಗಾಲದಲ್ಲಿ ಮನೆಗೆ ಸಿಡಿಲನ್ನು ಕರೆದೀತು ಎಂದೂ ಅದರಲ್ಲಿತ್ತು. ಮೊದಲ ಮಳೆ ಬೀಳುವ ಮುನ್ನ ಮಾವ ಮತ್ತು ಅಪ್ಪ ಸೇರಿ ತಂತಿ ಇಳಿಸಿದರು, ಸುತ್ತಿ ಅಟ್ಟಕ್ಕೆ ಹಾಕಿದರು. ಬ್ಯಾಟರಿ ಕಂಕನಾಡಿಗೆ ಹೋಯಿತು. ಪೆಟ್ಟಿಗೆಗೆ ಅಮ್ಮ ಹಳೆಯ ಸೀರೆಯ ಮುಸುಕು ಹೊಲಿದು ಹಾಕಿದಳು. ಇನ್ನು ನವರಾತ್ರಿಯವರೆಗೆ ಅದಕ್ಕೆ ಮಾತಿಲ್ಲ.

ಅದಾದ ಬುಧವಾರ ಬೆಳಗಿನಿಂದ ಬಿಡದೆ ಮಳೆ. ಶಾಲೆಗೆ ರಜೆ ಕೊಟ್ಟಿದ್ದರು. ಮಧ್ಯಾಹ್ನ ಅಜ್ಜಿ ಚಾವಡಿಯಲ್ಲಿ ಕಿವಿ ನಿಮಿರಿಸಿ, ಗೇಟು ತೆರೆದ ಸದ್ದಾಯಿತು, ಯಾರು ನೋಡು ಎಂದಳು. ನೋಡಿದರೆ ಅಪ್ಪ. ಕೈಯಲ್ಲಿ ಕೊಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಮೊಣಕಾಲಿನವರೆಗೆ ಕೆಸರು. ಜಗಲಿಯ ಅಂಚಿನಲ್ಲಿ ನಿಂತು ಸೂರಿನ ನೀರಿಗೆ ಕಾಲೊಡ್ಡಿ ತೊಳೆದುಕೊಂಡರು.

"ಪೆಟ್ಟಿಗೆ ಕಟ್ಟಿಟ್ಟು ಆಯ್ತಲ್ಲ," ಎಂದಳು ಅಜ್ಜಿ ಒಳಗಿನಿಂದ. "ಈ ಮಳೆಗೆ ಎಂತ ಬಂದದ್ದು?"

ಅಪ್ಪ ಕೊಡೆಯನ್ನು ಮಡಚಿ ಗೋಡೆಗೆ ಒರಗಿಸಿದರು. ಉತ್ತರಕ್ಕೆ ಅವರು ತಡಕಾಡುತ್ತಾರೆ ಎಂದು ನಾನು ಕಾಯುತ್ತಿದ್ದೆ.

"ಊಟಕ್ಕೆ," ಎಂದು ಹೇಳಿ ಅವರು ನೇರ ಅಡಿಗೆಮನೆಗೆ ಹೋದರು.